ಹೊಯ್, ಸಳ! ಸರಿ, ಅಂಕ ಕೊಡುವವರು ಯಾರು?

ಬೇಲೂರಿನ ಚೆನ್ನಕೇಶವನ ಮೆಟ್ಟಿಲ ಬಳಿ ನಿಂತಿದ್ದೆ. ಎಳೆಬಿಸಿಲು. ಮುಂದೆ ಸಳ, ಅವನ ಮೇಲೆ ಎರಗುತ್ತಿರುವ ಮೃಗ. ಮೂರನೇ ಕ್ಲಾಸಿನ ಪುಸ್ತಕದಿಂದ ಇಲ್ಲಿಯವರೆಗೆ ಈ ಶಿಲ್ಪವನ್ನು ನೂರು ಸಲ ನೋಡಿದ್ದೇನೆ. ಅವತ್ತು ಮಾತ್ರ ಅದು ನನಗೆ ಕೇಳಿಸಿತು. ಹೌದು, ಕಣ್ಣಿಗಲ್ಲ, ಕಿವಿಗೆ!

ಕಥೆ ಎಲ್ಲರಿಗೂ ಗೊತ್ತು. ಸೊಸೆವೂರಿನಲ್ಲಿ, ಅಂದರೆ ಈಗಿನ ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ, ಸುದತ್ತ ಮುನಿ ಪಾಠ ಹೇಳುತ್ತಿದ್ದಾಗ ಹುಲಿ ನುಗ್ಗಿತು. ಗುರು ಕೂಗಿದ: ಹೊಯ್, ಸಳ! ಹೊಡೆ, ಸಳ! ವಿಷ್ಣುವರ್ಧನನ 1117ರ ಬೇಲೂರು ಶಾಸನದಲ್ಲೇ ಈ ಕಥೆ ಇದೆ. ಇದು ಬಾಕ್ಸಿಂಗ್ ರಿಂಗಿನ ಮೂಲೆಯಲ್ಲಿ ನಿಂತ ಕೋಚ್‌ನ ಕೂಗಲ್ಲದೆ ಮತ್ತೇನು? ನಮ್ಮ ನಾಡಿನ ಒಂದು ಇಡೀ ರಾಜವಂಶ ತನ್ನ ಹೆಸರಾಗಿ ಇಟ್ಟುಕೊಂಡದ್ದು ಒಂದು ಹೊಡೆತದ ಕೂಗನ್ನು! ಎಂಟು ಕೋಟಿ ಪಠ್ಯಪುಸ್ತಕ ಓದಿದರೂ ಇದು ನನ್ನ ತಲೆಗೆ ಹೊಳೆದಿರಲಿಲ್ಲ.

ಅಷ್ಟರಲ್ಲಿ ಪ್ರವಾಸಕ್ಕೆ ಬಂದ ಶಾಲಾ ಮಕ್ಕಳ ಹಿಂಡು ಬಂತು. 'ಹುಲಿ' ಎಂದ ಒಬ್ಬ. 'ಸಿಂಹ ಕಣೋ, ಕೂದಲು ನೋಡು' ಎಂದಳು ಇನ್ನೊಬ್ಬಳು. ಮೇಷ್ಟ್ರು ತೀರ್ಪು ಕೊಡದೆ ಜಾರಿಕೊಂಡರು. ಅವರನ್ನು ದೂರುವಂತಿಲ್ಲ. ಶಾಸನ ಹುಲಿ ಎನ್ನುತ್ತದೆ, ಕಲ್ಲು ಸಿಂಹದ ಹಾಗೆ ಕಾಣುತ್ತದೆ, ವಿದ್ವಾಂಸರೂ ಎರಡು ಬಣ. ಹುಲಿ ಚೋಳರ ಲಾಂಛನ, ಇದು ತಲಕಾಡಿನಲ್ಲಿ ಅವರನ್ನು ಸೋಲಿಸಿದ್ದರ ಗುರುತು ಎನ್ನುವವರೂ ಇದ್ದಾರೆ. ಎಲ್ಲರ ಕಣ್ಣೆದುರು ಇರುವುದು ಒಂದೇ ಕಲ್ಲು, ಶತಮಾನಗಳಿಂದ ಅಲ್ಲಾಡದೆ ನಿಂತಿದೆ. ಆದರೂ ಒಮ್ಮತವಿಲ್ಲ!

ಅಲ್ಲಾಡದ ಕಲ್ಲಿನ ಗತಿಯೇ ಹೀಗಾದರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಮೂರು ಗುದ್ದು ಬಿದ್ದು ಮುಗಿಯುವ ಬಾಕ್ಸಿಂಗ್‌ನ ಗತಿ?

ಈ ಪ್ರಶ್ನೆ ನನ್ನ ತಲೆಯಲ್ಲಿ ಕೂತದ್ದು 2021ರ ಜುಲೈ 29ರಂದು. ಟೋಕಿಯೊ ಒಲಿಂಪಿಕ್ಸ್. ನಮ್ಮ ಮೇರಿ ಕೋಮ್ ಎದುರಿಗೆ ಕೊಲಂಬಿಯಾದ ಇಂಗ್ರಿಟ್ ವಲೆನ್ಸಿಯಾ. ಐದು ಜನ ತೀರ್ಪುಗಾರರು, ಮೂರು ಸುತ್ತು. ಮೊದಲ ಸುತ್ತು ವಲೆನ್ಸಿಯಾಗೆ, 4–1. ಎರಡನೆಯದು ಮೇರಿಗೆ, 3–2. ಮೂರನೆಯದೂ ಮೇರಿಗೆ, 3–2. ಮೂರರಲ್ಲಿ ಎರಡು ಸುತ್ತು ಗೆದ್ದ ಮೇಲೆ ಪಂದ್ಯ ಯಾರದ್ದು? ವಲೆನ್ಸಿಯಾದ್ದು! 3–2. ಸೋತಿದ್ದೇನೆ ಎಂಬುದೇ ಮೇರಿಗೆ ರಿಂಗಿನಲ್ಲಿ ತಿಳಿಯಲಿಲ್ಲ. ಹೊರಗೆ ಬಂದ ಮೇಲೆ ಗೊತ್ತಾಯಿತು. ನಾನು ಟೀವಿ ಮುಂದೆ ಕೂತು ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಬೇಲೂರಿನಿಂದ ಹಳೇಬೀಡಿಗೆ ಹದಿನಾರು ಕಿಲೋಮೀಟರ್. ಬಸ್ಸಿನ ಟಿಕೆಟ್ಟಿನ ಹಿಂದೆ ಆ ಲೆಕ್ಕ ಬರೆದುಕೊಂಡೆ. ಐದು ಜನ, ಮೂರು ಸುತ್ತು: ಒಟ್ಟು ಹದಿನೈದು ತೀರ್ಪು. ಮೇರಿಗೆ ಬಂದದ್ದು 1+3+3, ಏಳು. ವಲೆನ್ಸಿಯಾಗೆ 4+2+2, ಎಂಟು. ಅಬ್ಬಾ! ಸುತ್ತು ಎಣಿಸಿದರೆ ಮೇರಿ, ತೀರ್ಪು ಎಣಿಸಿದರೆ ವಲೆನ್ಸಿಯಾ. ಯಾರೂ ಮೋಸ ಮಾಡಬೇಕಾಗಿಲ್ಲ, ಯಾರೂ ಕುರುಡರಾಗಬೇಕಾಗಿಲ್ಲ. ಒಬ್ಬೊಬ್ಬ ತೀರ್ಪುಗಾರನೂ ತನ್ನ ಮೂರು ಸುತ್ತನ್ನು ತಾನೇ ಕೂಡಿಸಿ ತನ್ನ ವಿಜೇತರನ್ನು ಹೇಳುತ್ತಾನೆ. ಕೊನೆಗೆ ಎಣಿಸುವುದು ಆ ಐದು ತಲೆಗಳನ್ನು, ಸುತ್ತುಗಳನ್ನಲ್ಲ. ಅಡ್ಡ ಕೂಡಿಸಿದರೆ ಒಂದು ಉತ್ತರ, ಉದ್ದ ಕೂಡಿಸಿದರೆ ಇನ್ನೊಂದು. ಟಿಕೆಟ್ ಹರಿಯುವಷ್ಟು ಸಲ ಪೆನ್ನಾಡಿಸಿದೆ. ಲೆಕ್ಕ ಸರಿಯಾಗಿತ್ತು. ಬೈದದ್ದೇ ವೇಸ್ಟು.

ಸರಿ, ಕೂಡುವ ಲೆಕ್ಕ ಬಗೆಹರಿಯಿತು. ಆದರೆ ಒಂದೇ ಸುತ್ತನ್ನು ಮೂವರು ಒಂದು ಥರ, ಇಬ್ಬರು ಇನ್ನೊಂದು ಥರ ಕಂಡದ್ದು ಹೇಗೆ? ಅದಕ್ಕೆ ಉತ್ತರ ಹಳೇಬೀಡಿನಲ್ಲಿತ್ತು. ನಿಜವಾಗಿ ಹೇಳುತ್ತೇನೆ, ಗೋಡೆಯ ಮೇಲೇ ಇತ್ತು!

ಹೊಯ್ಸಳೇಶ್ವರ ಗುಡಿ ಶುರುವಾದದ್ದು 1121ರ ಸುಮಾರಿಗೆ. ಜಗಲಿ ಹತ್ತಿದರೆ ಗೋಡೆ ನೇರ ಹೋಗುವುದೇ ಇಲ್ಲ. ಮುಂದೆ ಬರುತ್ತದೆ, ಒಳಕ್ಕೆ ಸರಿಯುತ್ತದೆ, ಮತ್ತೆ ಮುಂದೆ ಬರುತ್ತದೆ. ಸೀರೆಯ ನೆರಿಗೆ ಹಿಡಿದ ಹಾಗೆ. ತಳದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಪುರಾಣದ ಕಥೆಗಳು, ಮಕರ, ಹಂಸ. ನನಗೊಂದು ಹುಚ್ಚು ಹೊಳೆಯಿತು. ಪುರುಷರ ಬಾಕ್ಸಿಂಗ್‌ನಲ್ಲಿ ಒಂದು ಸುತ್ತು ಮೂರು ನಿಮಿಷ, ಈಗ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೂ ಅಷ್ಟೇ. ಮೊಬೈಲಿನಲ್ಲಿ ಮೂರು ನಿಮಿಷ ಇಟ್ಟೆ. ಒಂದು ಮೂಲೆಯ ಎದುರು ಕುಕ್ಕರಗಾಲಲ್ಲಿ ಕೂತೆ. ಜಾಗ ಬಿಡಬಾರದು. ತೀರ್ಪುಗಾರರಿಗೆ ಇರುವ ಕಟ್ಟಳೆಯೇ ನನಗೂ.

ಮೊದಲ ಮೂರು ನಿಮಿಷ: ತಳದ ಸಾಲಿನಲ್ಲಿ ಏಳು ಆನೆ ಎಣಿಸಿದೆ. ಕೊನೆಯದಕ್ಕೆ ಸೊಂಡಿಲಿಲ್ಲ, ಮುರಿದಿರಬೇಕು ಎಂದು ಬರೆದುಕೊಂಡೆ. ಎದ್ದು ಒಂದೂವರೆ ಹೆಜ್ಜೆ ಬಲಕ್ಕೆ ಸರಿದು ಮತ್ತೆ ಮೂರು ನಿಮಿಷ. ಆನೆಗೆ ಸೊಂಡಿಲು ಬಂತು! ಮುರಿದಿರಲೇ ಇಲ್ಲ, ಕಲ್ಲಿನ ಅಂಚು ಮರೆ ಮಾಡಿತ್ತು. ಆದರೆ ಈಗ ಮೊದಲ ಎರಡು ಆನೆಗಳು ಮಾಯ. ಮೂರನೇ ಜಾಗದಿಂದ ನೋಡಿದರೆ ಆನೆಗಳೆಲ್ಲ ಬರೀ ಬೆನ್ನಿನ ಏರಿಳಿತ. ಕಣ್ಣಿಗೆ ರಾಚಿದ್ದು ಮೇಲಿನ ಕುದುರೆ ಸವಾರ. ಓರೆಯಾಗಿ ಬಿದ್ದ ಬಿಸಿಲು ಅವನ ಕತ್ತಿಯನ್ನು ಎತ್ತಿ ಹಿಡಿದಿತ್ತು. ಮೊದಲಿನ ಎರಡು ಜಾಗದಿಂದ ಅವನು ಇದ್ದಾನೆಂದೇ ಗೊತ್ತಾಗಿರಲಿಲ್ಲ.

'ಏನ್ ಸಾರ್, ಏನಾದ್ರೂ ಬಿದ್ದೋಯ್ತಾ?' ಕಾವಲಿನವರು ಬಂದು ಕೇಳಿದರು.

'ಇಲ್ಲ, ಸಿಕ್ತು!' ಎಂದೆ.

ಸಿಕ್ಕಿದ್ದು ಇಷ್ಟು. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಮೂವರು ತೀರ್ಪುಗಾರರು ರಿಂಗಿನ ಮೂರು ಬದಿಯಲ್ಲಿ ಕೂರುತ್ತಾರೆ. ಒಲಿಂಪಿಕ್ಸ್‌ನಲ್ಲಿ ಐವರು ಸುತ್ತಲೂ. ಅಂದರೆ ಅವರು ನೋಡುವುದು ಒಂದೇ ಪಂದ್ಯವನ್ನಲ್ಲ! ಒಬ್ಬನ ಎದುರು ಬಾಕ್ಸರ್‌ನ ಮುಖ, ಇನ್ನೊಬ್ಬನ ಎದುರು ಬೆನ್ನು. ಕೆನ್ನೆಗೆ ಬಿದ್ದ ಹುಕ್ ಎದುರಿನವನಿಗೆ ಸ್ಪಷ್ಟ. ಬೆನ್ನ ಕಡೆಯವನಿಗೆ ಬರೀ ಭುಜ ಅಲ್ಲಾಡಿದ್ದು ಕಾಣುತ್ತದೆ. ಗ್ಲೌಸ್ ಗ್ಲೌಸಿಗೆ ತಾಗಿದರೂ 'ಧಪ್', ದವಡೆಗೆ ತಾಗಿದರೂ 'ಧಪ್'. ನಡುವೆ ರೆಫರಿಯ ದೇಹ ಅಡ್ಡ. ಸುತ್ತು ಮುಗಿದ ಕೂಡಲೇ ಗೆದ್ದವರಿಗೆ 10, ಸೋತವರಿಗೆ 9 ಅಥವಾ ಕಡಿಮೆ ಎಂದು ಕೊಟ್ಟುಬಿಡಬೇಕು, ಆಮೇಲೆ ತಿದ್ದುವಂತಿಲ್ಲ. ನಾವು ಗುಡಿಗೆ ಹೋದರೆ ಪ್ರದಕ್ಷಿಣೆ ಹಾಕುತ್ತೇವೆ. ಹೊಯ್ಸಳರ ಶಿಲ್ಪಿಗಳಂತೂ ನಡೆಯುವ ಕಣ್ಣಿಗಾಗಿಯೇ ಗೋಡೆ ಮಡಚಿದರು. ಬಾಕ್ಸಿಂಗ್ ತೀರ್ಪುಗಾರ ಪ್ರದಕ್ಷಿಣೆ ನಿಷಿದ್ಧವಾದ ಭಕ್ತ!

2017ರ ಸೆಪ್ಟೆಂಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಕನೆಲೊ ಆಲ್ವಾರೆಝ್ ಮತ್ತು ಗೆನ್ನಡಿ ಗೊಲೊವ್ಕಿನ್ ಹನ್ನೆರಡು ಸುತ್ತು ಹೊಡೆದಾಡಿದರು. ಒಬ್ಬ ತೀರ್ಪುಗಾರನ ಲೆಕ್ಕ 115–113, ಗೊಲೊವ್ಕಿನ್ ಗೆದ್ದ. ಇನ್ನೊಬ್ಬನದು 114–114, ಸಮ. ಮೂರನೆಯವರದು 118–110, ಆಲ್ವಾರೆಝ್ ಗೆದ್ದ, ಅದೂ ಹನ್ನೆರಡರಲ್ಲಿ ಹತ್ತು ಸುತ್ತು! ಮೂವರು, ಮೂರು ತೀರ್ಪು. ಕೊನೆಯ ಫಲಿತಾಂಶ ಡ್ರಾ. 118–110 ಕೊಟ್ಟವರನ್ನು ಜಗತ್ತೆಲ್ಲ ಉಗಿಯಿತು, ಅಷ್ಟು ದೂರಕ್ಕೆ ಕೋನದ ನೆಪ ಸಾಲದು ಎಂದು ನನಗೂ ಅನ್ನಿಸುತ್ತದೆ. ಆದರೆ 115–113 ಮತ್ತು 114–114ರ ನಡುವಿನ ಅಂತರ ಬರೀ ಒಂದು ಸುತ್ತು. ಒಂದು ಆನೆಯ ಸೊಂಡಿಲು.

ಎಲ್ಲವನ್ನೂ ಕೋನಕ್ಕೆ ಕಟ್ಟಿ ಕೈತೊಳೆದುಕೊಳ್ಳುವುದು ಬೇಡ. 1988ರ ಸೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಅಮೆರಿಕದ ರಾಯ್ ಜೋನ್ಸ್ ಜೂನಿಯರ್ 86 ಗುದ್ದು ಕೊಟ್ಟು 32 ತಿಂದ ಎಂದು ಎಣಿಸಿದವರಿದ್ದಾರೆ. ಚಿನ್ನ ಹೋದದ್ದು ಆತಿಥೇಯ ಕೊರಿಯಾದ ಪಾರ್ಕ್ ಸಿ-ಹುನ್‌ಗೆ, 3–2. ಆ ಕೂಟದ ಅತ್ಯುತ್ತಮ ಬಾಕ್ಸರ್ ಎಂಬ ಪ್ರಶಸ್ತಿ ಮಾತ್ರ ಜೋನ್ಸ್‌ಗೆ! 2023ರಲ್ಲಿ ಪಾರ್ಕ್ ಆ ಚಿನ್ನವನ್ನು ಅಮೆರಿಕಕ್ಕೆ ಒಯ್ದು ಜೋನ್ಸ್‌ ಕೈಗೆ ಕೊಟ್ಟ. ಅದರ ವಿಡಿಯೊ 2025ರಲ್ಲಿ ಹೊರಬಂತು. ನೋಡಿ ಕಣ್ಣು ಒದ್ದೆಯಾಯಿತು. ಗೆದ್ದವನೇ ತೀರ್ಪುಗಾರನಾಗಲು ಮೂವತ್ತೈದು ವರ್ಷ ಹಿಡಿಯಿತು. ರಿಯೊ 2016ರ ಪಂದ್ಯಗಳಲ್ಲಿ ತೀರ್ಪು ತಿರುಚುವ ವ್ಯವಸ್ಥೆಯೇ ಇತ್ತು ಎಂದು ತನಿಖೆ ನಡೆಸಿದ ರಿಚರ್ಡ್ ಮ್ಯಾಕ್‌ಲಾರೆನ್ ವರದಿ 2021ರಲ್ಲಿ ಹೇಳಿತು. ಕಳ್ಳತನ ಕಳ್ಳತನವೇ. ನನ್ನ ಬೆರಗು ಕಳ್ಳರ ಬಗ್ಗೆ ಅಲ್ಲ, ಪ್ರಾಮಾಣಿಕರು ಜಗಳವಾಡುವುದರ ಬಗ್ಗೆ.

ಮನುಷ್ಯರ ಕಣ್ಣು ನಂಬದಿದ್ದರೆ ಯಂತ್ರ ನಂಬೋಣ ಎಂದು ಸೋಲ್ ಆದ ಮೇಲೆ ಬಾಕ್ಸಿಂಗ್ ಹೊರಟಿತು. 1992ರ ಬಾರ್ಸಿಲೋನಾದಿಂದ ಕಂಪ್ಯೂಟರ್ ಸ್ಕೋರಿಂಗ್. ಕೆಂಪು ಗುಂಡಿ, ನೀಲಿ ಗುಂಡಿ; ಐವರಲ್ಲಿ ಮೂವರು ಒಂದೇ ಸೆಕೆಂಡಿನೊಳಗೆ ಒಂದೇ ಬಣ್ಣ ಒತ್ತಿದರೆ ಮಾತ್ರ ಅಂಕ. ಇದನ್ನು ಓದಿದಾಗ ನನಗೆ ಥಟ್ಟನೆ ನೆನಪಾದದ್ದು ಬೇಲೂರಿನ ಅದೇ ಪ್ರಾಕಾರದಲ್ಲಿರುವ ಕಪ್ಪೆ ಚೆನ್ನಿಗರಾಯ!

ಐತಿಹ್ಯ ಹೀಗೆ. ಜಕಣಾಚಾರಿ ಕಡೆದ ಮೂರ್ತಿಯ ಕಲ್ಲಿನಲ್ಲಿ ದೋಷವಿದೆ ಎಂದ ಒಬ್ಬ ಹುಡುಗ. ಇಬ್ಬರು ಪರಿಣತರು, ಒಂದು ಕಲ್ಲು, ಎರಡು ತೀರ್ಪು. ಪಂಚಾಯಿತಿ ಯಾರು ಮಾಡಬೇಕು? ಗಂಧ! ಮೂರ್ತಿಗೆಲ್ಲ ಗಂಧ ಬಳಿದರು. ಮೈಯೆಲ್ಲ ಒಣಗಿತು, ಹೊಕ್ಕುಳ ಬಳಿ ಮಾತ್ರ ಹಸಿ. ಅಲ್ಲಿ ಉಳಿಯಿಟ್ಟರೆ ನೀರು, ಮರಳು, ಒಂದು ಕಪ್ಪೆ. ಹುಡುಗ ಅವನ ಮಗನೇ, ಡಂಕಣ. ಜಕಣಾಚಾರಿ ಎಂಬ ಒಬ್ಬ ವ್ಯಕ್ತಿ ನಿಜಕ್ಕೂ ಇದ್ದನೇ ಎಂಬುದರ ಬಗ್ಗೆಯೇ ಇತಿಹಾಸಕಾರರು ತಕರಾರು ತೆಗೆಯುತ್ತಾರೆ, ಅದಿರಲಿ. ಕಣ್ಣುಗಳು ಜಗಳಕ್ಕೆ ಬಿದ್ದಾಗ ಪಕ್ಷವಿಲ್ಲದ ಒಂದು ವಸ್ತುವಿನ ಕೈಗೆ ತೀರ್ಪು ಕೊಡಬೇಕು ಎಂದು ನಮ್ಮ ಕಥೆಗಾರರಿಗೆ ಹೊಳೆದಿತ್ತಲ್ಲ!

ಗಂಧ ಮೂರ್ತಿಯ ಮೈಯೆಲ್ಲ ತಾಗಿತ್ತು. ಗುಂಡಿ ತಾಗಿದ್ದು ಆ ಒಂದು ಸೆಕೆಂಡನ್ನು ಮಾತ್ರ. ಮುಖಕ್ಕೆ ಒಂಟಿಯಾಗಿ, ಎಲ್ಲರಿಗೂ ಕಾಣುವಂತೆ ಬಿದ್ದ ಗುದ್ದಿಗೆ ಅಂಕ ಬಂತು; ಪಕ್ಕೆಗೆ ಸಾಲಾಗಿ ಬಿದ್ದ ನಾಲ್ಕಕ್ಕೆ ಬರಲಿಲ್ಲ. ಬಾಕ್ಸರ್‌ಗಳು ಹೊಡೆದಾಟ ಬಿಟ್ಟು ಗುಂಡಿ ಒತ್ತಿಸುವ ಆಟ ಕಲಿತರು. ಜಗಳವೂ ನಿಲ್ಲಲಿಲ್ಲ: 2012ರ ಲಂಡನ್‌ನಲ್ಲಿ ನಮ್ಮ ವಿಕಾಸ್ ಕೃಷನ್ ಅಮೆರಿಕದ ಎರಲ್ ಸ್ಪೆನ್ಸ್ ಮೇಲೆ 13–11ರಿಂದ ಗೆದ್ದು, ಕೆಲವೇ ಗಂಟೆಗಳಲ್ಲಿ ಮೇಲ್ಮನವಿಯಿಂದ 15–13ರಲ್ಲಿ ಸೋತ. 2013ರಲ್ಲಿ ಗುಂಡಿಗಳನ್ನು ಕಿತ್ತು ಮತ್ತೆ ಹತ್ತು ಅಂಕದ ಕಣ್ಣಳತೆಗೆ ಮರಳಿದರು.

ನಮ್ಮವರು ಈ ತಲೆನೋವನ್ನು ಹೇಗೆ ನಿಭಾಯಿಸಿದ್ದರು? ನಾಡಕುಸ್ತಿಯಲ್ಲಿ ಬೆನ್ನು ಮಟ್ಟಿಗೆ ತಾಗಬೇಕು. ತಾಗಿತೋ, ಚಿತ್. ಬೆನ್ನಿನ ಮಣ್ಣೇ ತೀರ್ಪು, ಪೈಲ್ವಾನ ಎದ್ದು ತಿರುಗಿದರೆ ಊರಿಗೆಲ್ಲ ಕಾಣುತ್ತದೆ. ಮೈಸೂರು ಅರಮನೆಯ ಕರಿಕಲ್ಲು ತೊಟ್ಟಿಯಲ್ಲಿ ವಿಜಯದಶಮಿಯ ದಿನ ನಡೆಯುವ ವಜ್ರಮುಷ್ಟಿ ಕಾಳಗ ಇನ್ನೂ ಒಂದು ಕೈ ಮೇಲೆ. ತಲೆ ಬೋಳಿಸಿದ ಜಟ್ಟಿಗಳು, ಬೆರಳಿಗೆ ವಜ್ರಮುಷ್ಟಿ ಎಂಬ ಆಯುಧ. ಎದುರಾಳಿಯ ತಲೆಯಿಂದ ಮೊದಲ ರಕ್ತದ ಹನಿ ಕಂಡ ಕ್ಷಣ ಕಾಳಗ ಬಂದ್. ಬೋಳು ತಲೆ ಯಾಕೆಂದು ಈಗ ತಿಳಿಯಿತೇ? ಕೂದಲಿದ್ದರೆ ಹನಿ ಅಡಗುತ್ತದೆ, ಬೋಳು ತಲೆಯ ಮೇಲೆ ಯಾವ ಬದಿಯಿಂದ ನೋಡಿದರೂ ಕೆಂಪು ಕೆಂಪೇ! ಇದು ನನ್ನ ಊಹೆ, ಜಟ್ಟಿಗಳು ಬೇರೆ ಕಾರಣ ಹೇಳಬಹುದು. ಅಂತೂ ಮಣ್ಣು ಇಲ್ಲವೇ ರಕ್ತ. ಅಭಿಪ್ರಾಯಕ್ಕೆ ಜಾಗವೇ ಇಲ್ಲ. ಬೇಲೂರು ಗುಡಿ ಎದ್ದ ಹತ್ತು ಹನ್ನೆರಡು ವರ್ಷಕ್ಕೆ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 'ಮಾನಸೋಲ್ಲಾಸ' ಬರೆಸಿ, ಅದರಲ್ಲಿ ಮಲ್ಲವಿನೋದಕ್ಕೇ ಒಂದು ಭಾಗ ಇಟ್ಟು, ಮಲ್ಲರನ್ನು ವಯಸ್ಸು, ಗಾತ್ರ, ಪಳಗಿದ ಮಟ್ಟ ನೋಡಿ ದರ್ಜೆ ಮಾಡಿದ. ಜೋಡಿ ಸರಿಯಾಗಿ ಕಟ್ಟಿದರೆ ಅರ್ಧ ತಕರಾರು ಕಡಿಮೆ ಎಂದು ಅರಸನಿಗೂ ಗೊತ್ತಿತ್ತು.

ಕೆಂಪು ಗುಂಡಿ, ನೀಲಿ ಗುಂಡಿಯ ಮಾತು ಬಂತಲ್ಲ, ಕಿಷ್ಕಿಂಧೆ ಎಂದು ಜನ ನಂಬುವ ಆನೆಗೊಂದಿಯನ್ನು ಬಿಡಲಾದೀತೇ? ವಾಲಿ-ಸುಗ್ರೀವರ ಮೊದಲ ಕಾಳಗದಲ್ಲಿ ರಾಮ ಬಾಣ ಬಿಡಲಿಲ್ಲ. ಅಣ್ಣ ಯಾರು ತಮ್ಮ ಯಾರು ಗೊತ್ತಾಗಲಿಲ್ಲ! ಎರಡನೇ ಸಲ ಸುಗ್ರೀವನ ಕೊರಳಿಗೆ ಹೂಬಳ್ಳಿ ಕಟ್ಟಬೇಕಾಯಿತು. ದೇವರ ಅವತಾರಕ್ಕೇ ಗುರುತಿನ ಬಣ್ಣ ಬೇಕಾಯಿತು. ಬಡ ತೀರ್ಪುಗಾರ ಯಾವ ಲೆಕ್ಕ.

ತೀರ್ಪಿನ ಜಗಳ ಈ ಸೀಮೆಗೆ ಹೊಸದೂ ಅಲ್ಲ. ಬೇಲೂರು ಮೇಲೋ ಹಳೇಬೀಡು ಮೇಲೋ? ಹತ್ತೊಂಬತ್ತನೇ ಶತಮಾನದಲ್ಲಿ ವಾಸ್ತು ಇತಿಹಾಸಕಾರ ಜೇಮ್ಸ್ ಫರ್ಗುಸನ್ ಹಳೇಬೀಡನ್ನು ಅಥೆನ್ಸ್‌ನ ಪಾರ್ಥೆನಾನ್ ಪಕ್ಕ ನಿಲ್ಲಿಸಿ, ಎರಡೂ ಎರಡು ತುದಿಗಳು ಎಂದು ತೂಗಿದ. ಜನ ಮಾತ್ರ ಸುಲಭವಾಗಿ ಮುಗಿಸಿದ್ದಾರೆ: ಬೇಲೂರನ್ನು ಒಳಗೆ ನೋಡು, ಹಳೇಬೀಡನ್ನು ಹೊರಗೆ ನೋಡು. ಒಳಸುತ್ತು ಅದಕ್ಕೆ, ಹೊರಸುತ್ತು ಇದಕ್ಕೆ! 2023ರಲ್ಲಿ ಯುನೆಸ್ಕೊ ಬೇಲೂರು, ಹಳೇಬೀಡು, ಸೋಮನಾಥಪುರ ಮೂರನ್ನೂ ಒಂದೇ ಪಟ್ಟಿಗೆ ಸೇರಿಸಿ ಕೈ ತೊಳೆದುಕೊಂಡಿತು. ಶಿಲ್ಪಿಗಳೇ ಏನು ಕಡಿಮೆ? ಬೇಲೂರಿನ ವಿಗ್ರಹಗಳ ಅಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ರೂವಾರಿಗಳ ಹೆಸರುಗಳಿವೆ. ಜೊತೆಗೆ ಎದುರಾಳಿ ರೂವಾರಿಗಳನ್ನು ಹೊಡೆದುರುಳಿಸುವ ಧಾಟಿಯ ಬಿರುದುಗಳು. ಬಾಕ್ಸರ್‌ಗಳ ಅಡ್ಡಹೆಸರಿನ ಹಾಗೆ!

ಹಳೇಬೀಡಿನಿಂದ ಅರಸೀಕೆರೆ ಬಸ್ಸು ಹಿಡಿದೆ. ನಡುವೆ ಜಾವಗಲ್ ಬಂತು. ಈ ಊರಿನ ಹೆಸರು ಹೊತ್ತ ಕ್ರಿಕೆಟಿಗ ಜಾವಗಲ್ ಶ್ರೀನಾಥ್ ಚೆಂಡು ಬಿಟ್ಟ ಮೇಲೆ ಆದದ್ದೇನು? ಐಸಿಸಿಯ ಮ್ಯಾಚ್ ರೆಫರಿ! ನಾನೊಬ್ಬನೇ ಸೀಟಿನಲ್ಲಿ ನಕ್ಕೆ. ಮುಂದಿನ ಸೀಟಿನಲ್ಲಿ ಇಬ್ಬರು ಹಿರಿಯರು ಚೀಲದಿಂದ ಒಂದು ಕಾಯಿ ತೆಗೆದು ಕಿವಿಯ ಬಳಿ ಅಲ್ಲಾಡಿಸುತ್ತಿದ್ದರು. ಉಂಡೆ ಕೊಬ್ಬರಿಯ ಸೀಮೆ ಇದು. ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇದ್ದು, ಒಳಗೆ ಒಣಗಿ, ಚಿಪ್ಪು ಬಿಟ್ಟು ಗುಡುಗುಡು ಎನ್ನಬೇಕು. 'ಆಗೈತೆ' ಎಂದರು ಒಬ್ಬರು. ಇನ್ನೊಬ್ಬರು ಈಸಿಕೊಂಡು ತಮ್ಮ ಕಿವಿಗೆ ಹಿಡಿದರು. 'ಇನ್ನೊಂದು ತಿಂಗ್ಳು ಬೇಕು ಕಣಣ್ಣ, ಸದ್ದು ದಪ್ಪಕ್ಕೈತೆ.' ಒಂದೇ ಕಾಯಿ, ಎರಡು ಕಿವಿ!

ಅರಸೀಕೆರೆಯ ಈಶ್ವರ ಗುಡಿಗೆ ಮುಟ್ಟಿದಾಗ ಬಿಸಿಲು ಇಳಿದಿತ್ತು. 1220ರ ಸುಮಾರಿನದು. ಬೇಲೂರು ಹಳೇಬೀಡು ನೋಡಿದ ಕಣ್ಣಿಗೆ ಪುಟ್ಟದು, ಮೂರ್ತಿಗಳ ಜಾತ್ರೆಯಿಲ್ಲ. ಆದರೆ ತಳವಿನ್ಯಾಸ! ಮುಂದಿನ ಮಂಟಪ ಹದಿನಾರು ಮೂಲೆಯ ನಕ್ಷತ್ರ. ಹಿಂದಿನ ಗರ್ಭಗುಡಿಯೂ ನಕ್ಷತ್ರವೇ, ಅದರ ಮೂಲೆಗಳು ಮಾತ್ರ ಮೂರು ಬಗೆ. ಕಲ್ಲುಬೆಂಚಿನ ಮೇಲೆ ಕೂತು, ಉಳಿದಿದ್ದ ಇನ್ನೊಂದು ಟಿಕೆಟ್ಟಿನ ಹಿಂದೆ ಈ ನಕ್ಷತ್ರ ಹೇಗೆ ಹುಟ್ಟುತ್ತದೆಂದು ಗೀಚತೊಡಗಿದೆ. ಒಂದು ಚೌಕ ಬರೆದೆ. ನಡುಬಿಂದು ಗಟ್ಟಿ ಹಿಡಿದು ಚೌಕವನ್ನು ಇಪ್ಪತ್ತೆರಡೂವರೆ ಡಿಗ್ರಿ ತಿರುಗಿಸಿದೆ. ಮತ್ತೆ ಅಷ್ಟೇ. ಮತ್ತೆ ಅಷ್ಟೇ. ನಾಲ್ಕು ಚೌಕ, ಒಂದೊಂದಕ್ಕೆ ನಾಲ್ಕು ಮೂಲೆ.

ಪೆನ್ನು ನಿಂತಿತು. ಬಾಕ್ಸಿಂಗ್ ರಿಂಗ್ ಕೂಡ ಚೌಕವೇ! ಹೆಸರಿಗೆ ರಿಂಗ್, ಉಂಗುರ. ಇರುವುದು ನಾಲ್ಕು ಮೂಲೆ, ನಾಲ್ಕು ಹಗ್ಗ. ಅದನ್ನು ನಾಲ್ಕು ಬದಿಯಿಂದ ನೋಡುವ ಬದಲು, ಒಂದು ಚೂರು ತಿರುಗಿಸಿ, ಮತ್ತೊಂದು ಚೂರು ತಿರುಗಿಸಿ, ನೋಟಗಳನ್ನೆಲ್ಲ ಒಂದರ ಮೇಲೊಂದು ಇಟ್ಟರೆ ಈ ಮಂಟಪ ಬರುತ್ತದೆ. ಇನ್ನೂ ತಿರುಗಿಸುತ್ತ ಹೋದರೆ ಮೂಲೆಗಳು ಸವೆದು ಸವೆದು ನಿಜವಾದ ಉಂಗುರವೇ ಆಗಿಬಿಡುತ್ತದೆ!

ಅಲ್ಲಿಂದ ರೈಲ್ವೆ ಸ್ಟೇಷನ್ನಿಗೆ ಬಂದೆ. ಪಕ್ಕದ ಬೆಂಚಿನ ಅಜ್ಜ ಟಿಕೆಟ್ಟಿನತ್ತ ಬಗ್ಗಿ ನೋಡಿದರು. 'ಏನ್ ಸಾರ್ ಇದು, ರಂಗೋಲಿನಾ?'

'ಗುಡಿ, ಅಜ್ಜ. ಎಷ್ಟು ಮೂಲೆ ಐತೆ ಹೇಳಿ.'

ಅವರು ಕನ್ನಡಕ ಮೇಲೆ ಸರಿಸಿ, ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಎಣಿಸಿದರು.

'ಹದಿನೈದು.'

'ಹದಿನಾರು ಅಜ್ಜ.'

'ಎಲ್ಲಿ ಹದಿನಾರು? ಇಲ್ಲಿಂದ ಹದಿನೈದೇಯ' ಎಂದರು. ಅವರ ಹೆಬ್ಬೆರಳು ಟಿಕೆಟ್ಟನ್ನು ಒತ್ತಿ ಹಿಡಿದಿತ್ತು. ನಾನು ಎದ್ದು ಅವರ ಆ ಕಡೆಗೆ ಹೋಗಿ ಕೂತೆ, ಮತ್ತೆ ಮೊದಲಿಂದ ಎಣಿಸತೊಡಗಿದೆವು.